ಬಟ್ಟಲಿನಲ್ಲಿ ಬಗೆ ಹೆಚ್ಚಲಿ
(ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ರೈತ ಕುಟುಂಬಗಳಿಗೆ ಆಹಾರ ಸಲಹೆ)



ಅಡಿಕೆ ಮರಕ್ಕೆ ಯಾವ ಗೊಬ್ಬರವನ್ನು ಯಾವ ತಿಂಗಳಲ್ಲಿ ಎಷ್ಟು ಹಾಕಬೇಕೆಂಬುದು ನಿಮಗೆ ಗೊತ್ತು. ಹಸು ಹಾಲು ಕಡಿಮೆ ಕೊಟ್ಟರೆ ಹಿಂಡಿ ಸಾಲದೋ, ಹಸಿಮೇವು ಸಾಲದೋ ಎಂದು ಕೂಡಲೇ ವಿಚಾರಿಸುತ್ತೀರಿ. ಆದರೆ ಮನೆಯ ಮಗು ಮಂಕಾಗಿ ಕುಳಿತರೆ, ಮನೆಯಾಕೆ ನಾಲ್ಕು ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ಟರೆ, ಅವರ ಬಟ್ಟಲಿನಲ್ಲಿ ಏನು ಕಡಿಮೆಯಾಗಿದೆ ಎಂದು ವಿಚಾರಿಸುವವರು ವಿರಳ. ಹೊಟ್ಟೆ ತುಂಬಿದರೆ ಊಟ ಸರಿಯಾಯಿತೆಂದು ತಿಳಿಯುವುದು ವಾಡಿಕೆ. ಹೊಟ್ಟೆ ತುಂಬುವುದು ಬೇರೆ, ಮೈಗೆ ಬೇಕಾದುದು ಸಿಗುವುದು ಬೇರೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಶೇಕಡಾ 47ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಶೇಕಡಾ 65ನ್ನು ದಾಟಿದೆ. ಇನ್ನೊಂದು ಕಡೆ, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಪೇಟೆಯವರಿಗಷ್ಟೇ ಬರುವ ಕಾಯಿಲೆಗಳಾಗಿ ಉಳಿದಿಲ್ಲ. ಈ ಎರಡು ಬಗೆಯ ತೊಂದರೆಗಳಿಗೂ ಒಂದು ಸಮಾನ ಕಾರಣವಿದೆ. ಬಟ್ಟಲಿನಲ್ಲಿ ಅನ್ನ ಹೆಚ್ಚು, ಉಳಿದುದೆಲ್ಲ ಕಡಿಮೆ.

ಇದಕ್ಕೆ ಪರಿಹಾರವನ್ನು ದೂರದ ಊರಿನಿಂದ ತರಬೇಕಾಗಿಲ್ಲ. ಈ ಮೂರು ತಾಲ್ಲೂಕುಗಳಲ್ಲಿರುವಷ್ಟು ಬಗೆಯ ಅಡುಗೆ ಬೇರೆಡೆ ಸಿಗುವುದು ಕಷ್ಟ. ಬೇಕಾದುದು ಎರಡೇ ಕೆಲಸ: ನೆರೆಮನೆಯ ಒಳ್ಳೆಯ ಅಡುಗೆಯನ್ನು ಕಲಿಯುವುದು, ಅದಕ್ಕೆ ಬೇಕಾದುದನ್ನು ನಮ್ಮ ಹಿತ್ತಿಲಿನಲ್ಲಿಯೇ ಬೆಳೆಯುವುದು.

ದಿನಕ್ಕೆ ಎಷ್ಟು ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಂತೆ, ಸಾಧಾರಣ ಕೆಲಸ ಮಾಡುವ ವಯಸ್ಕರೊಬ್ಬರಿಗೆ ದಿನಕ್ಕೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, ಸೊಪ್ಪೂ ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 300 ಮಿ.ಲೀ. ಹಾಲು ಬೇಕು. ಮೀನು, ಮಾಂಸ, ಮೊಟ್ಟೆ ತಿನ್ನುವವರು ಬೇಳೆಕಾಳಿನ ಒಂದು ಪಾಲನ್ನು ಅವುಗಳಿಂದ ಪಡೆಯಬಹುದು. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು. ಗದ್ದೆ ತೋಟಗಳಲ್ಲಿ ಮೈಮುರಿದು ದುಡಿಯುವವರಿಗೆ ಧಾನ್ಯ ಇನ್ನೂ ಸ್ವಲ್ಪ ಹೆಚ್ಚು ಬೇಕಾದೀತು. ಆದರೆ ಉಳಿದ ಪದಾರ್ಥಗಳ ಪಾಲು ಕಡಿಮೆಯಾಗಬಾರದು.

ಐದು ಜನರ ಮನೆಗೆ ಇದನ್ನು ಲೆಕ್ಕ ಹಾಕಿ ನೋಡಿ. ದಿನಕ್ಕೆ ತರಕಾರಿ 2 ಕಿಲೋ, ತಿಂಗಳಿಗೆ 60 ಕಿಲೋ. ಬೇಳೆಕಾಳು ತಿಂಗಳಿಗೆ ಸುಮಾರು 13 ಕಿಲೋ. ಕಳೆದ ತಿಂಗಳು ನಿಮ್ಮ ಮನೆಗೆ ಎಷ್ಟು ಕಿಲೋ ತರಕಾರಿ, ಎಷ್ಟು ಕಿಲೋ ಬೇಳೆಕಾಳು ಬಂದಿತೆಂದು ಅಂಗಡಿಯ ಚೀಟಿ ನೋಡಿ ಕೂಡಿಸಿರಿ. ಕೊರತೆ ಎಲ್ಲಿದೆ ಎಂಬುದು ತಾನೇ ತಿಳಿಯುತ್ತದೆ.

ಬಗೆ ಕಡಿಮೆಯಾದುದು ಹೇಗೆ?

ಬೈಲು ಗದ್ದೆಗಳಲ್ಲಿ ಏಣೇಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಮಜಲು ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ನೆಲದಲ್ಲಿ ಉಳಿದ ತೇವದಲ್ಲಿಯೇ ಉದ್ದು, ಹೆಸರು, ಹುರುಳಿ, ಅಲಸಂಡೆ ಬರುತ್ತಿತ್ತು. ಗದ್ದೆಯ ಒಂದು ಬದಿಯಲ್ಲಿ ಸೌತೆ, ಕುಂಬಳ, ಹರಿವೆ. ಗದ್ದೆ ಅಡಿಕೆ ತೋಟವಾದಾಗ, ಗುಡ್ಡ ರಬ್ಬರ್ ತೋಟವಾದಾಗ, ಮನೆಗೆ ಹಣ ಬಂದುದು ನಿಜ. ಭತ್ತದ ಜೊತೆಗೆ ಬರುತ್ತಿದ್ದ ಕಾಳು, ಕಾಯಿಗಳು ಮಾತ್ರ ಹೊರಟುಹೋದವು. ಈಗ ಅಡಿಕೆ ಮಾರಿದ ಹಣದಲ್ಲಿ ಘಟ್ಟದ ಮೇಲಿನಿಂದ ಬಂದ ಕೋಸು, ಬೀಟ್‌ರೂಟ್ ಕೊಳ್ಳುತ್ತೇವೆ. ಕೊಳೆ ರೋಗವೋ ಎಲೆ ಚುಕ್ಕಿ ರೋಗವೋ ಬಂದು ಅಡಿಕೆಯ ಆದಾಯ ತಗ್ಗಿದ ವರ್ಷ ಮೊದಲು ಕಡಿಮೆಯಾಗುವುದು ಈ ಕೊಳ್ಳುವ ತರಕಾರಿ, ಹಾಲು ಮತ್ತು ಕಾಳು. ತೋಟದ ನಷ್ಟ ನೇರವಾಗಿ ಮಕ್ಕಳ ಬಟ್ಟಲಿಗೆ ಇಳಿಯುತ್ತದೆ. ತೋಟವನ್ನು ಕಡಿಯಿರೆಂದು ಯಾರೂ ಹೇಳುವುದಿಲ್ಲ. ಆದರೆ ಊಟವನ್ನು ಪೂರ್ತಿಯಾಗಿ ಅಡಿಕೆಯ ಧಾರಣೆಗೆ ಕಟ್ಟಿಹಾಕಬಾರದು.

ಎಲ್ಲರ ಅಡುಗೆಮನೆಯಲ್ಲಿ ಕಲಿಯುವುದಿದೆ

ತುಳು, ಕನ್ನಡ, ಕೊಂಕಣಿ, ಬ್ಯಾರಿ ಮಾತಾಡುವವರು ಒಂದೇ ಗ್ರಾಮದಲ್ಲಿ ನೆರೆಹೊರೆಯಾಗಿರುವ ಸೀಮೆ ನಮ್ಮದು. ಒಬ್ಬೊಬ್ಬರ ಅಡುಗೆಯಲ್ಲಿಯೂ ಪೋಷಣೆಯ ದೃಷ್ಟಿಯಿಂದ ಮೆಚ್ಚಬೇಕಾದ ಅಂಶವಿದೆ.

ತುಳುವರ ಮನೆಯ ಕುಡುತ ಸಾರು, ಅಂದರೆ ಹುರುಳಿ ಸಾರು, ಬಡವರ ಊಟವೆಂದು ಕಡೆಗಣಿಸಲ್ಪಟ್ಟಿದೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 8 ಗ್ರಾಂ ಸಸಾರಜನಕವಿದ್ದರೆ ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಇದೆ. ಕಬ್ಬಿಣದ ಅಂಶವೂ ಹೆಚ್ಚು. ಬೆಂದ ಕಟ್ಟನ್ನು ಮಾತ್ರ ಬಸಿದುಕೊಂಡು ಕಾಳನ್ನು ದನಕ್ಕೆ ಹಾಕಬೇಡಿ. ಕಾಳನ್ನು ಪಲ್ಯ ಮಾಡಿ, ಇಲ್ಲವೇ ಸಾರಿಗೇ ಅರೆದು ಹಾಕಿ.

ವಿಟ್ಲ ಸೀಮೆಯ ಹವ್ಯಕರು ತಂಬುಳಿಗೆ ಹೆಸರಾದವರು. ಒಂದೆಲಗ, ಸಾಂಬ್ರಾಣಿ ಸೊಪ್ಪು, ದಾಳಿಂಬೆಯ ಕುಡಿ ಹೀಗೆ ಹಿತ್ತಿಲಿನ ಯಾವುದೋ ಎಲೆಯನ್ನು ತೆಂಗಿನಕಾಯಿಯೊಡನೆ ಅರೆದು ಮಜ್ಜಿಗೆಗೆ ಸೇರಿಸಿದರೆ ಖರ್ಚಿಲ್ಲದ ಪದಾರ್ಥ ಸಿದ್ಧವಾಗುತ್ತದೆ. ಸೊಪ್ಪು ತಿನ್ನಲೊಲ್ಲದ ಮಕ್ಕಳೂ ತಂಬುಳಿಯನ್ನು ಅನ್ನಕ್ಕೆ ಕಲಸಿಕೊಂಡು ಉಣ್ಣುತ್ತಾರೆ.

ಕೊಂಕಣಿಗರ ಮನೆಯಲ್ಲಿ ಹೆಸರುಕಾಳನ್ನು ಮೊಳಕೆ ಬರಿಸಿ ಗಾಠಿ ಮಾಡುತ್ತಾರೆ, ದಾಳಿತೋಯವಂತೂ ನಿತ್ಯದ ಅಡುಗೆ. ಮೊಳಕೆ ಬಂದ ಕಾಳಿನಲ್ಲಿ ಸಿ ಜೀವಸತ್ವ ಹೆಚ್ಚುತ್ತದೆ, ಜೀರ್ಣಕ್ಕೂ ಹಗುರ.

ಕ್ರೈಸ್ತರು ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಹಬ್ಬದಲ್ಲಿ ಹೊಸ ತೆನೆಯ ಊಟ ಸಸ್ಯಾಹಾರವೇ. ಮೂರು, ಐದು, ಏಳು, ಒಂಬತ್ತು ಹೀಗೆ ಬೆಸ ಸಂಖ್ಯೆಯ ತರಕಾರಿ ಪದಾರ್ಥಗಳನ್ನು ಬಡಿಸುವುದು ಪದ್ಧತಿ. ವರ್ಷಕ್ಕೊಮ್ಮೆ ಒಂಬತ್ತು ಬಗೆ ಉಣ್ಣುವ ಮನೆಗೆ ದಿನಕ್ಕೆ ಮೂರು ಬಗೆ ಕಷ್ಟವಲ್ಲ. ಹಿಟ್ಟನ್ನು ಹುಳಿ ಬರಿಸಿ ಮಾಡುವ ಸಣ್ಣವೂ ಒಳ್ಳೆಯ ತಿಂಡಿ.

ಬ್ಯಾರಿಗಳ ಮನೆಯಲ್ಲಿ ಅಕ್ಕಿಯ ಪತ್ತಿರ್‌ಗೆ ಮೀನಿನ ಇಲ್ಲವೇ ಮಾಂಸದ ಪದಾರ್ಥ ಜೊತೆಯಾಗುತ್ತದೆ. ಉಪವಾಸ ಬಿಡುವಾಗ ಖರ್ಜೂರ, ಹಣ್ಣು, ಗಂಜಿಯಿಂದ ಆರಂಭಿಸುವ ಕ್ರಮವನ್ನು ಉಳಿಸಿಕೊಂಡು ಕರಿದ ತಿಂಡಿಯನ್ನು ಕಡಿಮೆ ಮಾಡಿದರೆ ಬಹಳ ಒಳ್ಳೆಯದು.

ಮೂಡುಬಿದಿರೆಯ ಜೈನರು ಹೊತ್ತು ಮುಳುಗುವ ಮುನ್ನವೇ ಊಟ ಮುಗಿಸುವವರು. ರಾತ್ರಿ ಹತ್ತು ಗಂಟೆಗೆ ಹೊಟ್ಟೆ ತುಂಬ ಉಂಡು ಕೂಡಲೇ ಮಲಗುವ ಅಭ್ಯಾಸವಿರುವವರು ಇದನ್ನು ಗಮನಿಸಬೇಕು. ಗೆಡ್ಡೆ ಗೆಣಸುಗಳನ್ನು ಬಿಟ್ಟು, ಕಾಯಿ ಮತ್ತು ಬೇಳೆಗಳಿಂದಲೇ ಎಷ್ಟು ರುಚಿಯಾದ ಅಡುಗೆ ಮಾಡಬಹುದೆಂಬುದಕ್ಕೂ ಅವರ ಮನೆಗಳೇ ಸಾಕ್ಷಿ.

ಬೆಳ್ತಂಗಡಿಯ ಘಟ್ಟದ ತಪ್ಪಲಿನ ಮಲೆಕುಡಿಯರು ಕಾಡಿನ ಸೊಪ್ಪು, ಗೆಡ್ಡೆ, ಕಣಿಲೆಗಳ ಗುಣವನ್ನು ಪುಸ್ತಕವಿಲ್ಲದೆ ಬಲ್ಲವರು. ಈ ತಿಳಿವಳಿಕೆಯನ್ನು ಹಿಂದುಳಿದವರ ಊಟವೆಂದು ಹೀಗಳೆಯುವುದು ನಮ್ಮ ನಷ್ಟ.

ಅಕ್ಕಿಯಲ್ಲಿ ಆಯ್ಕೆ

ನಮ್ಮ ಕುಚ್ಚಲಕ್ಕಿ ಒಳ್ಳೆಯ ಆಹಾರ. ಭತ್ತವನ್ನು ಸಿಪ್ಪೆಸಮೇತ ಬೇಯಿಸಿದಾಗ ಹೊರಪದರದಲ್ಲಿರುವ ಬಿ ಗುಂಪಿನ ಜೀವಸತ್ವಗಳು ಒಳಗಿನ ಕಾಳಿಗೆ ಇಳಿಯುತ್ತವೆ. ಮಿಲ್ಲಿನಲ್ಲಿ ತೌಡು ಹೋದರೂ ಅವುಗಳ ಒಂದು ಭಾಗ ಉಳಿಯುತ್ತದೆ. ಬೆಳ್ತಿಗೆ ಅಕ್ಕಿಯಲ್ಲಿ ಈ ಲಾಭವಿಲ್ಲ. ಆದುದರಿಂದ ಕೆಂಪು ಕುಚ್ಚಲಕ್ಕಿಯನ್ನು ಹೆಚ್ಚು ಪಾಲಿಶ್ ಮಾಡಿಸದೆ ಬಳಸಿ. ಗಂಜಿಯ ತಿಳಿಯನ್ನು ಚೆಲ್ಲಬೇಡಿ. ಆದರೆ ಕುಚ್ಚಲಕ್ಕಿಯಾದರೂ ಅದು ಅಕ್ಕಿಯೇ. ಗಂಜಿಗೆ ಒಂದು ತುಂಡು ಉಪ್ಪಿನಕಾಯಿ ಮಾತ್ರ ನಂಜಿಕೊಂಡರೆ ಊಟ ಪೂರ್ಣವಾಗದು. ಗಂಜಿಯ ಜೊತೆಗೆ ಒಂದು ಕಾಳಿನ ಚಟ್ನಿಯೋ ಹೆಸರಿನ ಪಲ್ಯವೋ ಇರಲಿ.

ತಳಿಗಳಲ್ಲಿಯೂ ಬಗೆ ಉಳಿಯಬೇಕು. ಬೆಳ್ತಂಗಡಿ ತಾಲ್ಲೂಕಿನ ಮಿತ್ತಬಾಗಿಲಿನ ಬಿ. ಕೆ. ದೇವರಾಯರು ನೂರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಬೆಳೆಸಿ ಉಳಿಸಿಕೊಂಡು ಬಂದುದು ಪ್ರಸಿದ್ಧ. ಕಾಸರಗೋಡಿನ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ತಳಿಗಳನ್ನು ಸಂರಕ್ಷಿಸಿದುದಕ್ಕಾಗಿ 2024ರಲ್ಲಿ ಪದ್ಮಶ್ರೀ ಪಡೆದರು. ಗದ್ದೆ ಇರುವವರು ಹತ್ತು ಸೆಂಟ್ಸಿನಲ್ಲಾದರೂ ಮನೆಯ ಊಟಕ್ಕೆಂದು ಒಂದು ಊರತಳಿ ಬೆಳೆಯಬಹುದು.

ಆಟಿಯ ಕೊರತೆ ನೀಗುವುದು ಹೇಗೆ?

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳು ನಮ್ಮ ಹಿರಿಯರಿಗೆ ಕಷ್ಟದ ಕಾಲವಾಗಿತ್ತು. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ತಾಜಾ ಮೀನು ಕಡಿಮೆ, ಬೆಲೆ ಹೆಚ್ಚು. ಮಳೆಗೆ ತರಕಾರಿಯೂ ಕೊಳೆಯುತ್ತದೆ. ಈ ಎರಡು ತಿಂಗಳಿಗೆ ಬೇಸಿಗೆಯಲ್ಲಿಯೇ ಸಿದ್ಧತೆ ಆಗಬೇಕು.

ಸೌತೆಕಾಯಿಯನ್ನು ಬಾಳೆಯ ನಾರಿನಲ್ಲಿ ಕಟ್ಟಿ ಮಾಡಿನಡಿ ತೂಗಹಾಕಿ. ಬೂದುಗುಂಬಳ, ಸಿಹಿಗುಂಬಳವನ್ನು ತೊಟ್ಟುಸಮೇತ ಕೊಯ್ದು ಗಾಳಿಯಾಡುವಲ್ಲಿ ಇಡಿ. ಹಲಸಿನ ಬೀಜವನ್ನು ಕೆಮ್ಮಣ್ಣು ಬಳಿದು ಶೇಖರಿಸಿ. ಹುರುಳಿ, ಅಲಸಂಡೆ ಕಾಳನ್ನು ಚೆನ್ನಾಗಿ ಬಿಸಿಲಿಗೆ ಹಾಕಿ ಗಾಳಿ ಹೋಗದ ಡಬ್ಬದಲ್ಲಿ ತುಂಬಿ. ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ಮತ್ತು ಒಣಮೀನನ್ನು ಬಳಸುವ ಮುನ್ನ ನೀರಿನಲ್ಲಿ ನೆನೆಸಿ, ನೀರು ಬದಲಿಸಿ, ಉಪ್ಪು ಇಳಿಸಿರಿ. ರಕ್ತದೊತ್ತಡ ಇರುವವರಿಗೆ ಇವು ಆಗಾಗ ಬೇಡ.

ಮಳೆಗೆ ತಾನಾಗಿ ಹುಟ್ಟುವ ತಜಂಕ್, ಕೆಸು, ಒಂದೆಲಗ ಆಟಿಯ ಸೊಪ್ಪುಗಳು. ತಜಂಕನ್ನು ಎಳೆಯದಿರುವಾಗಲೇ ಕೊಯ್ಯಬೇಕು. ಕೆಸುವಿನ ತುರಿಕೆಗೆ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಬೇಕು. ಪತ್ರೊಡೆಯನ್ನು ಹಬೆಯಲ್ಲಿ ಬೇಯಿಸಿ ತಿಂದರೆ ಎಣ್ಣೆ ಉಳಿಯುತ್ತದೆ. ಕಣಿಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಬೇಯಿಸಿದ ಮೊದಲ ನೀರನ್ನು ಚೆಲ್ಲಬೇಕು. ಹಸಿ ಕಣಿಲೆಯಲ್ಲಿ ವಿಷಾಂಶವಿರುತ್ತದೆ.

ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಆಟಿ ಅಮಾವಾಸ್ಯೆಗೆ ಪಾಲೆ ಮರದ ಕೆತ್ತೆಯ ಕಷಾಯ ಕುಡಿಯುವವರು ಕತ್ತಲಲ್ಲಿ ಮರ ತಪ್ಪಿ ಕಾಸರಕದ ಕೆತ್ತೆ ತಂದರೆ ಪ್ರಾಣಕ್ಕೇ ಅಪಾಯ. ಹಗಲಿನಲ್ಲಿಯೇ ಬಲ್ಲವರಿಂದ ಮರವನ್ನು ಗುರುತಿಸಿಡಿ. ಅಣಬೆಯ ವಿಷಯದಲ್ಲಿಯೂ, ಖಚಿತವಾಗಿ ಗೊತ್ತಿಲ್ಲದುದನ್ನು ಮನೆಗೆ ತರಬೇಡಿ.

ಐದು ಸೆಂಟ್ಸಿನ ಕೈತೋಟ

ಐದು ಜನರ ಮನೆಗೆ ಐದು ಸೆಂಟ್ಸ್, ಅಂದರೆ ಸುಮಾರು 200 ಚದರ ಮೀಟರ್ ಜಾಗ ಸಾಕು. ಬಿಸಿಲು ಬೀಳುವ, ಬಚ್ಚಲು ನೀರು ತಿರುಗಿಸಬಹುದಾದ ಜಾಗವನ್ನು ಆರಿಸಿ.

1. ಬದುವಿನಲ್ಲಿ ಎರಡು ನುಗ್ಗೆ, ಎರಡು ಪಪ್ಪಾಯಿ, ಒಂದು ನಿಂಬೆ, ಒಂದು ಕರಿಬೇವು ನೆಡಿ. ನೂರು ಗ್ರಾಂ ನುಗ್ಗೆಸೊಪ್ಪಿನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ.
2. ಬಚ್ಚಲು ನೀರು ಹರಿಯುವಲ್ಲಿ ಬಾಳೆ, ಕೆಸು ಇರಲಿ. ಒಂದೆಲಗವನ್ನು ಶುದ್ಧ ನೀರು ಬೀಳುವಲ್ಲಿ ಬೆಳೆಸಿ, ಅದನ್ನು ಹಸಿಯಾಗಿಯೇ ತಿನ್ನುತ್ತೇವೆ.
3. ಒಂದು ಚಪ್ಪರಕ್ಕೆ ಬಸಳೆ, ಇನ್ನೊಂದಕ್ಕೆ ತೊಂಡೆ. ಇವೆರಡೂ ಒಮ್ಮೆ ನೆಟ್ಟರೆ ಬಹುಕಾಲ ಬರುತ್ತವೆ.
4. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯ ವಾರದಲ್ಲಿ, ಹೀರೆ, ಪಡುವಲ, ಹಾಗಲ, ಬೆಂಡೆ, ಅಲಸಂಡೆ ಬೀಜ ಹಾಕಿ. ಮಡಿ ಎತ್ತರವಾಗಿರಲಿ, ನೀರು ನಿಲ್ಲಬಾರದು.
5. ಮಳೆ ಬಿಟ್ಟ ಮೇಲೆ ಹರಿವೆ, ಮೂಲಂಗಿ, ಬದನೆ, ಟೊಮೆಟೊ, ಮೆಣಸು. ಹರಿವೆಯನ್ನು ಒಮ್ಮೆಗೇ ಬಿತ್ತದೆ ಹತ್ತು ದಿನಕ್ಕೊಂದು ಮಡಿಯಂತೆ ಬಿತ್ತಿ. ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ, ಮನೆಯಲ್ಲಿ ಸೊಪ್ಪು ತಪ್ಪುವುದಿಲ್ಲ.
6. ನವೆಂಬರ್, ಡಿಸೆಂಬರ್‌ನಲ್ಲಿ ಗದ್ದೆಯ ಬದಿಯಲ್ಲಿ ಸೌತೆ, ಕುಂಬಳ. ಇವೇ ಆಟಿಯ ದಾಸ್ತಾನು.

ಭತ್ತದ ಗದ್ದೆ ಇರುವವರು ಕಾಲು ಎಕರೆಯಲ್ಲಿ ಹುರುಳಿ ಅಥವಾ ಉದ್ದು ಬಿತ್ತಲಿ. ಎಕರೆಗೆ 10ರಿಂದ 12 ಕಿಲೋ ಬೀಜ ಸಾಕು. ಎಕರೆಗೆ ಎರಡು ಕ್ವಿಂಟಾಲ್ ಇಳುವರಿ ಬಂದರೂ ಕಾಲು ಎಕರೆಯಲ್ಲಿ 50 ಕಿಲೋ ಸಿಗುತ್ತದೆ. ಐದು ಜನರ ಮನೆಗೆ ಇದು ಸುಮಾರು ನಾಲ್ಕು ತಿಂಗಳ ಕಾಳು. ನೆಲಕ್ಕೂ ಸಾರಜನಕ ಸೇರುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ತೋಟದ ಬುಡದಲ್ಲಿ ಬೆಳೆದ ಸೊಪ್ಪನ್ನು ಮಳೆಗಾಲದಲ್ಲಿ ತಿನ್ನಬೇಡಿ. ಮೈಲುತುತ್ತು ಎಲೆಯ ಮೇಲೆ ಉಳಿದಿರುತ್ತದೆ. ಕೈತೋಟ ತೋಟದಿಂದ ದೂರವಿರಲಿ.

ಬೇಸಿಗೆಯಲ್ಲಿ ನೀರಿಲ್ಲವೆಂಬುದು ಹಲವರ ಮಾತು. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಬಳಿ ಅಮೈ ಮಹಾಲಿಂಗ ನಾಯ್ಕರು ಒಣಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿ ನೀರು ತರಿಸಿ ತೋಟ ಮಾಡಿದರು. ಅದಕ್ಕಾಗಿ 2022ರಲ್ಲಿ ಪದ್ಮಶ್ರೀ ಬಂದಿತು. ಕೈತೋಟಕ್ಕೆ ಅಷ್ಟು ಸಾಹಸವೂ ಬೇಡ. ಪಾತ್ರೆ ತೊಳೆದ ನೀರು, ಬುಡಕ್ಕೆ ತರಗೆಲೆಯ ಹೊದಿಕೆ, ಇಷ್ಟಿದ್ದರೆ ನುಗ್ಗೆ, ಬಸಳೆ, ತೊಂಡೆ ಬದುಕುತ್ತವೆ.

ರಕ್ತಹೀನತೆಗೆ ಅಡುಗೆಮನೆಯ ಉಪಾಯ

ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣ ಮೈಗೆ ಹತ್ತಬೇಕಾದರೆ ಸಿ ಜೀವಸತ್ವ ಜೊತೆಗಿರಬೇಕು. ಹುರುಳಿ ಸಾರಿಗೆ ನಿಂಬೆ ಹಿಂಡಿ. ಊಟದ ಜೊತೆಗೆ ನೆಲ್ಲಿಕಾಯಿ, ಪೇರಳೆ, ಅನಾನಸು, ಪಪ್ಪಾಯಿ ಯಾವುದಾದರೊಂದು ಇರಲಿ. ಚಹಾ, ಕಾಫಿಯನ್ನು ಊಟವಾಗಿ ಒಂದು ಗಂಟೆಯ ನಂತರ ಕುಡಿಯಿರಿ. ಊಟದ ಜೊತೆಗೇ ಕುಡಿದರೆ ಅವು ಕಬ್ಬಿಣವನ್ನು ಹಿಡಿದಿಡುತ್ತವೆ. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಅಗ್ಗದ, ಉತ್ತಮ ಆಹಾರ. ಕರಿಯುವುದಕ್ಕಿಂತ ಪದಾರ್ಥ ಮಾಡುವುದು ಲೇಸು. ಸಸ್ಯಾಹಾರಿಗಳು ಹಾಲು, ಮೊಸರು, ಮಜ್ಜಿಗೆ ಬಿಡಬಾರದು, ಬಿ-12 ಜೀವಸತ್ವಕ್ಕೆ ಅವರಿಗೆ ಅದೇ ಆಧಾರ.

ತೋಟದಲ್ಲಿ ಬರಿಗಾಲಿನಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಪಾದದ ಚರ್ಮದ ಮೂಲಕ ಸೇರುತ್ತದೆ. ಅದು ಕರುಳಿನಲ್ಲಿ ರಕ್ತ ಹೀರುತ್ತದೆ. ಎಷ್ಟು ತಿಂದರೂ ಪ್ರಯೋಜನವಾಗದು. ಚಪ್ಪಲಿ ಹಾಕಿಕೊಳ್ಳಿ, ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಡಿಸಿ. ಗರ್ಭಿಣಿಯರಿಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು, ಮನೆಯೂಟ ಚೆನ್ನಾಗಿದೆಯೆಂದು, ನಿಲ್ಲಿಸಬಾರದು.

ಇನ್ನೊಂದು ಸಂಗತಿ. ಗಂಡಸರು, ಮಕ್ಕಳು ಉಂಡ ಮೇಲೆ ಉಳಿದುದನ್ನು ಮನೆಯಾಕೆ ಉಣ್ಣುವ ಕ್ರಮ ಎಲ್ಲ ಜಾತಿ ಧರ್ಮಗಳ ಮನೆಗಳಲ್ಲಿಯೂ ಇದೆ. ಕೊನೆಗೆ ಉಳಿಯುವುದು ಅನ್ನ, ಮುಗಿದಿರುವುದು ಪಲ್ಯ ಮತ್ತು ಮೀನು. ರಕ್ತಹೀನತೆ ಹೆಂಗಸರಲ್ಲಿ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿರಿ, ಇಲ್ಲವೇ ಆಕೆಯ ಪಾಲನ್ನು ಮೊದಲೇ ತೆಗೆದಿಡಿ. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಊರಿನಲ್ಲಿ ಒಟ್ಟಾಗಿ ಮಾಡಬಹುದಾದುದು

ಮಹಿಳಾ ಮಂಡಲ, ಯುವಕ ಮಂಡಲ, ಸ್ವಸಹಾಯ ಗುಂಪುಗಳು ನಮ್ಮಲ್ಲಿ ಎಲ್ಲ ಗ್ರಾಮಗಳಲ್ಲಿವೆ. ತಿಂಗಳಿಗೊಮ್ಮೆ ಸೇರುವಾಗ ಪ್ರತಿ ಮನೆಯಿಂದ ಒಂದು ಸೊಪ್ಪಿನ ಅಥವಾ ಕಾಳಿನ ಅಡುಗೆಯನ್ನು ತಂದು ರುಚಿ ತೋರಿಸುವ ಕ್ರಮವನ್ನು ಇರಿಸಿಕೊಳ್ಳಬಹುದು. ಜೊತೆಗೆ ಒಂದು ಹಿಡಿ ಬೀಜವನ್ನೂ ತರಲಿ. ಮಾಡುವ ವಿಧಾನ ಗೊತ್ತಿದ್ದು ಬೀಜ ಸಿಗದಿದ್ದರೆ ಕಲಿತುದು ವ್ಯರ್ಥ.

ಇಂತಹ ಊಟದಲ್ಲಿ ಯಾರ ಮನಸ್ಸೂ ನೋಯಬಾರದು. ಅದಕ್ಕೆ ಸರಳವಾದ ನಿಯಮಗಳು ಸಾಕು. ಸಾರ್ವಜನಿಕ ಅಡುಗೆ ಸಸ್ಯಾಹಾರವಾಗಿರಲಿ. ಪ್ರತಿ ಪಾತ್ರೆಗೂ ಬೇರೆ ಸೌಟು ಇರಲಿ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಹಾಕಿದೆಯೇ ಇಲ್ಲವೇ ಎಂದು ತಂದವರು ಮೊದಲೇ ಹೇಳಲಿ. ಜೈನರಿರುವಲ್ಲಿ ಹೊತ್ತು ಮುಳುಗುವ ಮುನ್ನ ಊಟವಾಗಲಿ, ಉಪವಾಸದ ತಿಂಗಳಿನಲ್ಲಿ ಸಭೆಯ ದಿನವನ್ನು ಮುಂದೂಡಲಿ. ಯಾರಿಗೂ ತಿನ್ನಿರೆಂದು ಒತ್ತಾಯ ಬೇಡ, ತಿನ್ನುವವರನ್ನು ಕಂಡು ನಗುವುದೂ ಬೇಡ. ಮಕ್ಕಳ ಬುತ್ತಿಯಲ್ಲಿ ಬೇರೆ ಮನೆಯ ಅಡುಗೆ ಕಂಡು ಮೂಗು ಮುರಿಯುವ ಅಭ್ಯಾಸ ಹಿರಿಯರ ಮಾತಿನಿಂದಲೇ ಬರುತ್ತದೆ, ಹಿರಿಯರ ಮಾತಿನಿಂದಲೇ ಹೋಗಬೇಕು.

ಅಂಗನವಾಡಿ, ಶಾಲೆಗಳ ಬಿಸಿಯೂಟಕ್ಕೆ ಊರಿನವರು ತಮ್ಮ ಹಿತ್ತಿಲಿನ ನುಗ್ಗೆಸೊಪ್ಪು, ಬಸಳೆ, ಪಪ್ಪಾಯಿ ಕೊಡಬಹುದು. ವಾರಕ್ಕೊಂದು ಮನೆಯ ಸರದಿ ಹಾಕಿಕೊಂಡರೆ ಯಾರಿಗೂ ಹೊರೆಯಾಗದು. ಜಾತ್ರೆ, ಉರೂಸ್, ಚರ್ಚಿನ ಹಬ್ಬಗಳ ಊಟದಲ್ಲಿ ಸಿಹಿಯೊಂದನ್ನು ಕಡಿಮೆ ಮಾಡಿ ಕಾಳಿನ ಪದಾರ್ಥವೊಂದನ್ನು ಸೇರಿಸಲು ವ್ಯವಸ್ಥಾಪಕರನ್ನು ಕೇಳಿಕೊಳ್ಳಿ.

ಕೈತೋಟ, ಬೀಜ, ಸಸಿಗಳ ವಿಷಯದಲ್ಲಿ ಹೆಚ್ಚಿನ ಮಾಹಿತಿ ಬೇಕಾದವರು ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನಾಗಲಿ ವಿಚಾರಿಸಬಹುದು. ಆದರೆ ಕೆಲಸ ಆರಂಭಿಸಲು ಯಾರನ್ನೂ ಕಾಯಬೇಕಾಗಿಲ್ಲ. ಈ ವಾರ ನೆರೆಮನೆಯಿಂದ ಒಂದು ನುಗ್ಗೆಯ ಗೂಟ, ಒಂದು ಮೊಳ ಬಸಳೆ ಬಳ್ಳಿ ತಂದು ನೆಡಿ. ಅವರ ಮನೆಯಲ್ಲಿ ಅದನ್ನು ಹೇಗೆ ಅಡುಗೆ ಮಾಡುತ್ತಾರೆಂದು ಕೇಳಿ ಬನ್ನಿ.